ನೆರಳಿಗೆ ದಂಡ

ನಡುಹಗಲ ಬಿಸಿಲು ತಾಳಲಾರದೆ ಬಸವನಹುಳುವೊಂದು ಬೇಲಿಯಂಚಿನ ಕೆಸುವಿನೆಲೆಯಡಿ ಚಿಪ್ಪಿನೊಳಗೆ ಮುದುಡಿ ನಿಂತಿತು. ಬಿಸಿಲು ತಗ್ಗಿದ ಮೇಲೆ ಕೊಂಬು ಹೊರಚಾಚಿದರೆ, ಎದುರಿಗೆ ಓತಿಕ್ಯಾತ ತಲೆಯಾಡಿಸುತ್ತ ನಿಂತಿತ್ತು.

"ನನ್ನ ಜಾಗದಲ್ಲಿ ನಿನ್ನ ಮನೆ ನಿಲ್ಲಿಸಿದ್ದೀಯೆ, ದಂಡ ಕಟ್ಟು. ನನ್ನ ಹಾಸಿಗೆಗೆ ಇವತ್ತೇ ತಂದರೆ ಒಂದು ಚಿಗುರೆಲೆ, ನಾಳೆಗಾದರೆ ಎರಡು. ತಕರಾರಿದ್ದರೆ ಹುತ್ತದ ಹಿರಿಯರ ಹತ್ತಿರ ಹೇಳಿಕೋ."

ಹುತ್ತವಿದ್ದದ್ದು ಬೇಲಿಯ ಆ ತುದಿಗೆ, ಬಸವನಹುಳುವಿನ ನಡಿಗೆಗೆ ಹತ್ತು ದಿನದ ದಾರಿ. ಅಷ್ಟರಲ್ಲಿ ದಂಡ ಹೊರಲಾರದಷ್ಟು ಬೆಳೆದಿರುತ್ತದೆ. ಕೊಟ್ಟು ಕೈತೊಳೆದುಕೊಳ್ಳುವುದೇ ವಾಸಿ ಅನ್ನಿಸಿತು, ಪಾಪ. ಆದರೂ ಕೇಳಿತು: "ಸ್ವಾಮಿ, ಜಾಗ ನಿಮ್ಮದೆನ್ನುವುದಕ್ಕೆ ಸಾಕ್ಷಿ ಯಾರು?"

"ಬೇಲಿ ಗೂಟ!"

ಗೂಟ ಬಾಯಿಬಿಡಲಿಲ್ಲ. ಬಸವನಹುಳು ಕತ್ತೆತ್ತಿ ಕೆಸುವಿನ ಗಿಡವನ್ನೇ ಕೇಳಿತು: "ಅಮ್ಮಾ, ಈ ನೆರಳು ಯಾರದು?"

"ನನ್ನದು ಕಂದಾ. ಬಿಸಿಲೇರಿದರೆ ಇವನೂ ಇಲ್ಲೇ ಬಂದು ಮಲಗುತ್ತಾನೆ. ಇವನ ಹತ್ತಿರ ನಾನೇನೂ ಕೇಳಿಲ್ಲವಲ್ಲ!"

ಓತಿಕ್ಯಾತ ಬೇಲಿ ಹಾರಿ ಓಟ ಕಿತ್ತಿತು.

ಬಸವನಹುಳು ಹೊರಡಲು ಅನುವಾದಾಗ, ಪಕ್ಕದ ಗಿಡದ ಬುಡದಲ್ಲಿ ಮುದಿ ಎರೆಹುಳುವೊಂದು ಓತಿಕ್ಯಾತನ ಹಾಸಿಗೆಗೆಂದು ದಂಡದ ಏಳನೆಯ ಚಿಗುರೆಲೆಯನ್ನು ಏದುಸಿರು ಬಿಡುತ್ತ ಎಳೆದು ತರುತ್ತಿತ್ತು. ಬಸವನಹುಳು ತನ್ನ ದಾರಿ ಬಿಟ್ಟು ಅತ್ತ ತಿರುಗಿತು. ಹುಟ್ಟಿದಂದಿನಿಂದ ಮೊದಲ ಸಲ, ಅವಸರದಿಂದ.