ಹಸಿರು ಚುಕ್ಕೆಯಿಲ್ಲದ ಶ್ರುತಿಪೆಟ್ಟಿಗೆ

“ಗುರುಗಳೇ, ಪ್ರಾಣಿಯನ್ನು ನೋಯಿಸಿ ಪಡೆದ ಯಾವುದನ್ನೂ ಬಳಸುವುದಿಲ್ಲವೆಂದು ವ್ರತ ಹಿಡಿದೆ. ಈಗ ನೋಡಿದರೆ ನನ್ನ ಮೊಬೈಲಿನ ಅಂಟಿನಲ್ಲೂ ಮೂಳೆಯ ಸಾರ ಇರಬಹುದಂತೆ. ಇದೆಯೋ ಇಲ್ಲವೋ ಹೇಳುವವರೇ ಇಲ್ಲ. ಪೂರ್ತಿ ಪಾಲಿಸಲಾಗದ ವ್ರತ ಇದ್ದರೆಷ್ಟು, ಬಿಟ್ಟರೆಷ್ಟು?” ಎಂದು ಶಿಷ್ಯ ಧರಣೇಂದ್ರ ಕೇಳಿದ. ಅವನ ಹೊಸ ಚರ್ಮದ ಚಪ್ಪಲಿಗಳು ಹೊಸ್ತಿಲಿನ ಆಚೆ ಇದ್ದವು. ಗುರುಗಳು ಅವನ್ನೊಮ್ಮೆ ನೋಡಿ ಕತೆ ಶುರು ಮಾಡಿದರು.

ಒಬ್ಬ ಗಾಯಕಿ ಇದ್ದಳು. ಅವಳದೂ ನಿನ್ನದೇ ವ್ರತ. ಮೃದಂಗಕ್ಕೆ ಚರ್ಮ ಬಿಗಿದಿರುತ್ತದೆಂದು ಮೃದಂಗ ಬಿಟ್ಟಳು. ತಂಬೂರಿಯ ತಂತಿಗಳ ಕೆಳಗಿನ ಪಟ್ಟಿ ಮೂಳೆಯದೆಂದು ತಂಬೂರಿಯನ್ನೂ ಬಿಟ್ಟಳು. ಶ್ರುತಿಯಿಲ್ಲದೆ ಹಾಡುವುದುಂಟೇ? ಮೂರು ವರ್ಷ ಬಾಯಿ ಮುಚ್ಚಿ ಕುಳಿತಳು. ಹಾಡದೆ ಸೊರಗಿಹೋದಳು.

ಆ ಊರಿನಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಯಾರಿಸುವ ಒಬ್ಬ ವ್ಯಾಪಾರಿ ಇದ್ದ. ಗಾಯಕಿ ಅವನಲ್ಲಿಗೆ ಹೋಗಿ, “ತಿಂಡಿಯ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದಲ್ಲ, ಹಾಗೆ ನಿಮ್ಮ ಪೆಟ್ಟಿಗೆಗೂ ಒಂದು ಹಾಕಿಕೊಡಿ. ನಂಬಿ ಹಾಡುತ್ತೇನೆ” ಎಂದಳು.

“ತಗಡು, ತಂತಿ, ಪ್ಲಾಸ್ಟಿಕ್ಕು. ಇದರಲ್ಲಿ ಪ್ರಾಣಿ ಎಲ್ಲಿಂದ ಬಂತಮ್ಮ? ನಾಳೆಯೇ ಹಾಕಿಕೊಡುತ್ತೇನೆ” ಎಂದು ವ್ಯಾಪಾರಿ ನಕ್ಕ.

ಆದರೂ ಮನಸ್ಸು ತಡೆಯದೆ ಪೆಟ್ಟಿಗೆ ಬಿಚ್ಚಿದ. ಒಳಗೆ ನಲವತ್ತಮೂರು ಭಾಗಗಳಿದ್ದವು. ಸ್ಪೀಕರಿನ ಅಂಟು ಎಲ್ಲಿಯದೆಂದು ಸ್ಪೀಕರ್ ಮಾಡುವವನನ್ನು ವಿಚಾರಿಸಿದ. ಅವನು ಅಂಟಿನ ಡಬ್ಬಿ ತೋರಿಸಿದ. ಡಬ್ಬಿಯವನು ಅಂಟಿನ ಪುಡಿ ಮಾರುವವನತ್ತ ಕೈ ತೋರಿಸಿದ. ಪುಡಿಯವನು, “ಮೂಳೆ ಬೇಯಿಸಿದ್ದು ಸ್ವಾಮಿ, ಇನ್ನೇನು?” ಎಂದ. ವ್ಯಾಪಾರಿ ಆ ಅಂಟು ಬಿಟ್ಟು ಬೇರೆಯದನ್ನು ಹುಡುಕಿದ. ಪ್ಲಾಸ್ಟಿಕ್ಕು ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಅದಕ್ಕೆ ಪ್ರಾಣಿಯ ಕೊಬ್ಬು ಬೆರೆಸಿದ್ದರು. ಅದನ್ನೂ ಬದಲಿಸಿದ. ನಾಳೆ ಎಂದದ್ದು ಒಂದು ವರ್ಷವಾಯಿತು. ನಲವತ್ತೆರಡು ಭಾಗಗಳ ಮೂಲ ಸಿಕ್ಕಿತು. ಸಾಸಿವೆಯಷ್ಟಿದ್ದ ಒಂದರದು ಮಾತ್ರ ಎಷ್ಟು ಅಲೆದರೂ ಸಿಗಲಿಲ್ಲ.

“ಯಾರು ಒಡೆದು ನೋಡುತ್ತಾರೆ? ಚುಕ್ಕೆ ಹಾಕಿ ಕಳಿಸಿ” ಎಂದರು ಕೆಲಸದವರು.

ಅವನು ಹಾಕಲಿಲ್ಲ. “ನಲವತ್ತೆರಡು ಗೊತ್ತು, ಒಂದು ಗೊತ್ತಿಲ್ಲ” ಎಂದು ಚೀಟಿ ಬರೆದು, ಪೆಟ್ಟಿಗೆಗೆ ಕಟ್ಟಿ, ಗಾಯಕಿಯ ಮುಂದಿಟ್ಟ.

“ಆ ಒಂದು?” ಎಂದಳು ಅವಳು.

“ಸಿಗುವವರೆಗೂ ಹುಡುಕುತ್ತೇನೆ. ಹಾಡುವುದೂ ಹಾಡದಿರುವುದೂ ನಿಮಗೆ ಬಿಟ್ಟದ್ದು, ತಾಯಿ.”

ಗಾಯಕಿ ಚೀಟಿಯನ್ನು ಎರಡು ಸಲ ಓದಿದಳು. ಅವಳಿಗೆ ಅಳು ಬಂತು. ಕಣ್ಣೊರೆಸಿಕೊಂಡು ಗುಂಡಿ ಒತ್ತಿ ಷಡ್ಜ ಹಿಡಿದಳು. ಹಾಡು ಮುಗಿಯುವ ಮೊದಲೇ ವ್ಯಾಪಾರಿ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಿದ್ದ.

“ಹಾಗಾದರೆ ಆ ಪೆಟ್ಟಿಗೆ ಶುದ್ಧವೋ, ಅಲ್ಲವೋ?” ಎಂದು ಧರಣೇಂದ್ರ ಕೇಳಿದ.

ಗುರುಗಳು ಹೊಸ್ತಿಲಿನ ಕಡೆ ನೋಡುತ್ತ ಹೇಳಿದರು: “ಅವನು ಗೊತ್ತಿಲ್ಲದ ಒಂದಕ್ಕಾಗಿ ಮತ್ತೆ ದಾರಿ ಹಿಡಿದ; ನೀನು ಗೊತ್ತಿಲ್ಲದ ಒಂದನ್ನು ನೆಪ ಮಾಡಿಕೊಂಡು, ಗೊತ್ತಿದ್ದೂ ಗೊತ್ತಿದ್ದೂ ಆ ಚಪ್ಪಲಿ ಮೆಟ್ಟಿ ಬಂದೆ.”