ಸಾಲಿನ ಕೊನೆಯ ಚುಕ್ಕಿ

"ಗುರುಗಳೇ, ನಮ್ಮ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ಚಿಹ್ನೆ ಹಾಕಬೇಕು. ಅದು ಇರಲಿ ಎಂದು ಕೆಲವರು, ತೆಗೆಯೋಣ ಎಂದು ಕೆಲವರು. ಯುಗಾದಿಗೆ ಶುರುವಾದ ವಾದ ದೀಪಾವಳಿ ಬಂದರೂ ಮುಗಿದಿಲ್ಲ. ನಾನು ಯಾವ ಕಡೆ ನಿಲ್ಲಲಿ?" ಎಂದು ಶಿಷ್ಯ ಕೇಳಿದ. ಆ ಭಾಷೆಯನ್ನು ನೋಡಿಕೊಳ್ಳುವ ಬಳಗದಲ್ಲಿ ಅವನೂ ಒಬ್ಬ.

"ನಿಲ್ಲುವುದು ಆಮೇಲೆ. ಸದ್ಯಕ್ಕೆ ಕುಳಿತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನ ನೇಕಾರರು ಸೀರೆಯ ಚಿತ್ತಾರಗಳನ್ನು ಗುರುತುಗಳಲ್ಲಿ ಬರೆದಿಡುತ್ತಿದ್ದರು. ಏಳಬೇಕಾದ ಎಳೆಗೆ ಒಂದು ಗೀಟು, ಇಳಿಯಬೇಕಾದ ಎಳೆಗೆ ಒಂದು ಸೊನ್ನೆ, ಸಾಲು ಮುಗಿದಾಗ ಒಂದು ಚುಕ್ಕಿ. ಒಬ್ಬರು ಓದುತ್ತಿದ್ದರು, ಮಗ್ಗದಲ್ಲಿ ಕುಳಿತವರು ನೇಯುತ್ತಿದ್ದರು. ಆದರೆ ಸೆರಗನ್ನು ಸೀರೆಯ ಒಡಲಿಗೆ ಕೂಡಿಸುವ ಕೊಂಡಿಗೆ ಮಾತ್ರ ಗುರುತುಗಳಿರಲಿಲ್ಲ. ಅದು ಒಬ್ಬ ಮುದುಕನಿಗಷ್ಟೇ ಗೊತ್ತಿತ್ತು. ಊರಿನ ಎಲ್ಲ ಮಗ್ಗಗಳಿಗೂ ಅವನೇ ಹೋಗಿ ಕೊಂಡಿ ಹಾಕಿಕೊಡಬೇಕಿತ್ತು. ನೋಡಿ ಕಲಿಯಲು ಹೋದವರೆಲ್ಲ ಸೋತಿದ್ದರು.

ಅವನ ಸೊಸೆಗೆ ಇದೇ ಚಿಂತೆ. ಮಾವ ಇರುವಾಗಲೇ ಎಲ್ಲರೂ ಕೂತು ಕೊಂಡಿಗೂ ಗುರುತುಗಳನ್ನು ಗೊತ್ತುಮಾಡಬೇಕೆಂದು ಕೇಳಲು ಅವಳು ನೇಕಾರರ ಸಭೆಗೆ ಹೋದಳು. ಆ ಸಭೆಯಲ್ಲಿ ಒಂದು ಕಟ್ಟಳೆಯಿತ್ತು. ಮೊದಲು ಎತ್ತಿದ ಮಾತು ಇತ್ಯರ್ಥವಾಗುವ ತನಕ ಎರಡನೆಯದನ್ನು ಎತ್ತುವಂತಿಲ್ಲ. ದೊಡ್ಡ ಮಾತನ್ನು ಒಮ್ಮೆಗೇ ಆಡಲು ಅವಳಿಗೆ ಸಂಕೋಚವಾಯಿತು. ಮೊದಲು ಸಣ್ಣದೊಂದನ್ನು ಹೇಳೋಣ, ಎಲೆಅಡಿಕೆ ಜಗಿಯುವಷ್ಟರಲ್ಲಿ ಮುಗಿಯುತ್ತದೆ ಎಂದುಕೊಂಡಳು. "ಸಾಲಿನ ಕೊನೆಯ ಚುಕ್ಕಿ ಯಾಕೆ ಬೇಕು? ಸಾಲು ಮುಗಿದದ್ದು ಕಣ್ಣಿಗೇ ಕಾಣುತ್ತದಲ್ಲ? ಇನ್ನೊಂದು ಮಾತಿದೆ, ಅದನ್ನು ಆಮೇಲೆ ಹೇಳುತ್ತೇನೆ" ಎಂದಳು.

ಪಾಪ, ಅವಳಿಗೆ ಗೊತ್ತಿರಲಿಲ್ಲ. ದೊಡ್ಡ ವಿಷಯಕ್ಕೆ ಬಾಯಿ ಬಿಡಲು ಜನ ಹಿಂದೆಮುಂದೆ ನೋಡುತ್ತಾರೆ. ಚುಕ್ಕಿಯ ವಿಷಯಕ್ಕೆ ಯಾರಿಗೆ ಹೆದರಿಕೆ? ಊರಿಗೆ ಊರೇ ಪಂಡಿತರ ಸಭೆಯಾಯಿತು. ಚುಕ್ಕಿ ಸುಮ್ಮನೆ ಕೈಗೆ ಕೆಲಸ, ತೆಗೆದುಬಿಡಿ ಎಂದರು ಕೆಲವರು. ಚುಕ್ಕಿ ಹೋದರೆ ಓದುವವನು ಉಸಿರೆಳೆದುಕೊಳ್ಳುವುದು ಎಲ್ಲಿ ಎಂದರು ಇನ್ನು ಕೆಲವರು. ಅಜ್ಜಂದಿರು ಇಟ್ಟ ಚುಕ್ಕಿ ಎಂದು ಕಣ್ಣೊರೆಸಿಕೊಂಡವರೂ ಇದ್ದರು. ಅಕ್ಕಪಕ್ಕದ ಮನೆಯವರು ಮಾತು ಬಿಟ್ಟರು. ಚುಕ್ಕಿ ಇರಲೇಬೇಕು ಎಂದು ಎಲ್ಲರಿಗಿಂತ ಜೋರಾಗಿ ವಾದಿಸಿದವನು ಆ ಮುದುಕನೇ. ಮಾವ ಅಷ್ಟು ಹುರುಪಿನಿಂದ ಓಡಾಡಿದ್ದನ್ನು ಸೊಸೆ ಎಂದೂ ಕಂಡಿರಲಿಲ್ಲ.

ಮನೆಯಲ್ಲಿ ಅವಳು ಬೇಡಿಕೊಂಡಳು. "ಮಾವ, ಸಭೆಯವರು ಏನಾದರೂ ಮಾಡಿಕೊಳ್ಳಲಿ. ಆ ಕೊಂಡಿಯನ್ನು ನನಗೆ ಒಂದೊಂದೇ ಎಳೆ ಬಿಡಿಸಿ ಹೇಳಿ, ಬರೆದುಕೊಳ್ಳುತ್ತೇನೆ."

"ತಡಿಯಮ್ಮ. ಚುಕ್ಕಿ ಉಳಿಯುತ್ತದೋ ಹೋಗುತ್ತದೋ ತಿಳಿಯದೆ ಬರೆಯುವುದಾದರೂ ಹೇಗೆ?"

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಈ ಕತೆ ಹೇಳುವಾಗ ನನಗೆ ಇಂದಿಗೂ ಸಂಕಟವಾಗುವುದು ಅದಕ್ಕೇ.

ಮಾಗಿಯ ಚಳಿಯಲ್ಲಿ ಮುದುಕ ತೀರಿಕೊಂಡ. ತಿಥಿಯೂಟಕ್ಕೆ ಬಂದವರು ಪಂಕ್ತಿಯಲ್ಲಿ ಕುಳಿತು ಚುಕ್ಕಿಯ ಮಾತನ್ನೇ ಆಡಿದರು. ಮುಂದೊಂದು ದಿನ ಸಭೆ, ಚುಕ್ಕಿ ಇರಲಿ ಎಂದು ತೀರ್ಮಾನಿಸಿತು. ಮುದುಕನ ಪಕ್ಷವೇ ಗೆದ್ದಿತು. ಆಗ ಹಿರಿಯರು ಸೊಸೆಯ ಕಡೆ ತಿರುಗಿ, ಅದೇನೋ ಇನ್ನೊಂದು ಮಾತಿತ್ತಲ್ಲ, ಈಗ ಹೇಳಮ್ಮ ಎಂದರು. ಅವಳು ಎದ್ದು ಮನೆಗೆ ಹೋದಳು.

ಮುದುಕ ಹೋದಂದಿನಿಂದ ಆ ಊರಿನಲ್ಲಿ ಸೆರಗನ್ನು ಬೇರೆ ನೇಯ್ದು ಸೂಜಿಯಿಂದ ಒಡಲಿಗೆ ಹೊಲಿಯುತ್ತಾರೆ. ಉಟ್ಟು ತೊಳೆದಂತೆಲ್ಲ ಅದು ಬಿಚ್ಚಿಕೊಳ್ಳುತ್ತದೆ. ಕೊಂಡಿಯ ಮಾತನ್ನೇ ಮೊದಲು ಆಡಬೇಕಿತ್ತು ಎಂದು ಸೊಸೆ ಬದುಕಿರುವ ತನಕ ಕೊರಗಿದಳು.

ಗುರುಗಳು ಕತೆ ಮುಗಿಸಿದರು. ಶಿಷ್ಯ, "ಹಾಗಾದರೆ ನಮ್ಮ ಚಿಹ್ನೆ ಇರಲೋ, ಹೋಗಲೋ?" ಎಂದ.

ಗುರುಗಳು ಅವನ ಮುಖ ನೋಡಿ ಕೇಳಿದರು: "ನಿಮ್ಮ ಬಳಗದಲ್ಲಿ ಎರಡನೆಯ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಕುಳಿತಿರುವವರು ಯಾರು?"