ಅರಮನೆ ಹಾಲಿಗೆ ಹೆಪ್ಪು

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲ ಅನ್ಕೋ ಮಗಾ, ಕಾಟಮ್ಮ ಅಂತ ಒಬ್ಳು ಹಾಲು ಮಾರೋಳಿದ್ಲಂತೆ. ಆ ಊರಿಗೆ ಯಾವನೋ ಒಬ್ಬ ದಂಡು ಕಟ್ಕೊಂಡು ಬಂದು, ಕೋಟೆ ಹಿಡಿದು, ನಾನೇ ರಾಜ ಅಂತ ಕೂತ್ಬಿಟ್ನಂತೆ. ಕಾಟಮ್ಮನ ಗಂಡ ಚಿತ್ತಯ್ಯ ಕೈ ಮುಗೀಲಿಲ್ಲ ಅಂತ ಅವನನ್ನ ಸೆರೆಗೆ ತಳ್ಳಿದ್ನಂತೆ.

ಆ ಊರಲ್ಲೊಂದು ಪದ್ಧತಿ. ಹೊಸ ರಾಜನ ಪಟ್ಟಕ್ಕೆ ಮುಂಚೆ ಅರಮನೆ ಹಾಲಿಗೆ ಊರಿನವರ ಮನೆಯಿಂದ ಹೆಪ್ಪು ಬರಬೇಕು, ಮೊಸರು ಗಟ್ಟಿಯಾದ್ರೇನೇ ಅವನು ರಾಜ. ಇವನು ಆಳು ಕಳಿಸಿ ಹೆಪ್ಪು ಕೇಳಿದ್ರೆ ಕಾಟಮ್ಮ, ಮೊದ್ಲು ನನ್ನ ಗಂಡನ್ನ ಬಿಡ್ಲಿ, ಆಮೇಲೆ ನಿಮ್ಮ ರಾಜನೇ ಬಂದು ಕೇಳ್ಲಿ ಅಂದ್ಲಂತೆ.

ರಾಜನಿಗೆ ರೇಗಿಹೋಯ್ತು. ಸಿಪಾಯಿಗಳು ಈಟಿ ಹಿಡ್ಕೊಂಡು ಬಂದು ಅವಳ ಮೊಸರಿನ ಕುಡಿಕೆನೇ ಕಿತ್ಕೊಂಡು ಹೋದ್ರಂತೆ. ಹೋಗಿ ಏನ್ಮಾಡಿದ್ರು ಗೊತ್ತಾ, ಕುದಿಯೋ ಹಾಲಿಗೇ ಸುರಿದ್ರು! ಹಾಲು ಒಡೆದುಹೋಯ್ತು. ಆಮೇಲೆ ಇನ್ನೊಂದು ಮನೆಯಿಂದ ಕಿತ್ಕೊಂಡು ಬಂದು, ಹಾಲು ಆರಿಸಿ ಹಾಕಿದ್ರಂತೆ. ಆದ್ರೆ ರಾಜನಿಗೆ ಯಾರ ಮೇಲೂ ನಂಬಿಕೆ ಇಲ್ವಲ್ಲ, ಯಾರೇನು ಬೆರೆಸಿದ್ರೋ ಅಂತ ಗಳಿಗೆಗೊಂದ್ಸಲ ಸೌಟು ಆಡಿಸಿ ನೋಡಿದ್ನಂತೆ. ಕಲಕ್ತಾನೇ ಇದ್ರೆ ಮೊಸರು ಎಲ್ಲಾಗತ್ತೆ? ಸಿಪಾಯಿಗಳು ಮೂರನೇ ಸಲ ಬರೋ ಹೊತ್ತಿಗೆ ಕೇರಿ ಹೆಂಗಸರೆಲ್ಲ ಇದ್ದಬದ್ದ ಮೊಸರು ಕಡೆದು, ಮಜ್ಜಿಗೆ ಮಾಡಿ ದಾರೀಲಿ ಹೋಗೋರಿಗೆ ಕುಡಿಸಿ, ಕುಡಿಕೆ ತೊಳೆದು ಬೋರಲು ಹಾಕಿದ್ರಂತೆ. ಅದ್ರಲ್ಲಿ ಒಂದೇ ಒಂದು ಚಮಚ ಹೆಪ್ಪು ಕಾಟಮ್ಮ ಬಚ್ಚಿಟ್ಟಿದ್ಲು.

ಇದೆಲ್ಲ ಇವಳದೇ ಕೆಲಸ ಅಂತ ಅವಳನ್ನ ಅರಮನೆಗೆ ಎಳ್ಕೊಂಡು ಹೋದ್ರು. ಹೆಪ್ಪು ಕೊಡ್ತೀಯೋ, ಗಂಡನ ತಲೆ ತೆಗೀಲೋ ಅಂದ್ನಂತೆ ರಾಜ. ಕಾಟಮ್ಮನಿಗೆ ಹೆದರಿಕೆ ಆಗಲ್ವಾ ಮಗಾ. ಆದ್ರೂ ಸೆಟೆದು ನಿಂತು, ತೆಗಿಯಪ್ಪಾ, ಜೊತೆಗೆ ನಂದೂ ತೆಗಿ, ಆಮೇಲೆ ನಿಂಗೆ ಹೆಪ್ಪು ಕೊಡೋರ್ಯಾರು? ನಿನ್ನ ಕತ್ತಿಗೆ ಕುಡಿಕೆ ಕಿತ್ಕೊಳ್ಳೋಕೆ ಬರತ್ತೆ, ಮೊಸರು ಮಾಡೋಕೆ ಬರಲ್ಲ, ಅಂದ್ಬಿಟ್ಲಂತೆ. ಮೂರು ದಿನದಿಂದ ಮೊಸರಿಲ್ಲದೆ ಬರೀ ಅನ್ನ ನುಂಗ್ತಿದ್ದ ಸಿಪಾಯಿಗಳು, ಈಯಮ್ಮ ಹೇಳೋದು ಸರಿ ಅಂತ ಒಬ್ಬೊಬ್ಬರೇ ಈಟಿ ಕೆಳಗಿಟ್ರಂತೆ.

ಆಮೇಲೆ ಇನ್ನೇನು, ರಾಜ ಚಿತ್ತಯ್ಯನ್ನ ಬಿಟ್ಟು, ಬರಿಗಾಲಲ್ಲಿ ಬಟ್ಟಲು ಹಿಡ್ಕೊಂಡು ಅವಳ ಬಾಗಿಲಿಗೆ ಬಂದು, ತಾಯೀ, ಒಂಚೂರು ಹೆಪ್ಪು ಅಂದ್ನಂತೆ. ಕಾಟಮ್ಮ ಆ ಒಂದು ಚಮಚ ಹಾಕಿ, ಹಾಲು ಉಗುರುಬೆಚ್ಚಗಿರ್ಲಿ, ಮುಚ್ಚಿಟ್ಟು ನಂಬ್ಕೊಂಡು ಸುಮ್ನಿರು, ಬರೋ ವರ್ಷಾನೂ ಬಂದು ಕೇಳ್ಬೇಕು, ನೆಟ್ಟಗೆ ಆಳದಿದ್ರೆ ನಮ್ಮ ಕುಡಿಕೆ ಬೋರಲೇ ಅಂದ್ಲಂತೆ. ಬೆಳಗ್ಗೆ ನೋಡಿದ್ರೆ ಗಡ್ಡೆ ಮೊಸರು!

ಆವತ್ತಿಂದ ರಾಜ ವರ್ಷ ವರ್ಷ ಬಟ್ಟಲು ಹಿಡ್ಕೊಂಡು ಬರ್ತಿದ್ನಂತೆ. ಚಿತ್ತಯ್ಯ ಜಗಲಿ ಮೇಲೆ ಕೂತ್ಕೊಂಡು, ಬಾಪ್ಪಾ ಅಂತಿದ್ನಂತೆ, ಆದ್ರೆ ಕೈ ಮಾತ್ರ ಮುಗೀತಿರ್ಲಿಲ್ವಂತೆ. ಕತೆನೂ ಮುಗಿದು ಹೆಪ್ಪುಗಟ್ತು, ಇನ್ನು ಅಲ್ಲಾಡ್ಬೇಡ, ಮಲಕ್ಕೋ.